ಬೀಗದ ಕೈಗೆ ಅಂಟಿಕೊಂಡ ‘ದಿ’

೧೯೫೭ರಲ್ಲಿ ನಾನು ಕಾರ್ಮಿಕರ ಪರ ವಾದಿಸುವ ವಕೀಲ. ಮನೆ ಬಸವನಗುಡಿಯಲ್ಲಿ, ಆಫೀಸು ಚಾಮರಾಜಪೇಟೆಯ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಗಿರಣಿ ಓಡುವ ಹೊತ್ತಿನಲ್ಲಿ ಕಕ್ಷಿದಾರರು ತಮ್ಮ ಗುಟ್ಟನ್ನೆಲ್ಲ ಕೂಗಿಯೇ ಹೇಳಬೇಕಾಗುತ್ತಿತ್ತು. ಕನ್ನಡ ಮಾತಾಡುವವರೆಲ್ಲ ಒಂದೇ ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಊರ ತುಂಬ ಕನ್ನಡದ ಮೇಲೆ ಭಾಷಣಗಳು. ಅವನ್ನು ನೆನೆದರೆ ಈಗಲೂ ನನಗೆ ಬಾಯಿ ಕಹಿಯಾಗುತ್ತದೆ. ಅದಕ್ಕೆ ಕಾರಣ ಕೆಂಪಮ್ಮನ ಕೇಸು.

ಕೆಂಪಮ್ಮ ಒಂದು ನೇಯ್ಗೆ ಕಾರ್ಖಾನೆಯಲ್ಲಿ ನೂಲಿನ ಗೋದಾಮು ಗುಡಿಸುವವಳು. ಕಾರ್ಖಾನೆಯ ಹೆಸರು ಬೇಡ, ಅದು ಈಗ ಇಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗುಡಿಸಬೇಕಾದ್ದರಿಂದ ಅವಳಿಗೊಂದು ಬೀಗದ ಕೈ ಕೊಟ್ಟಿದ್ದರು. ಗೋದಾಮಿನ ಗುಮಾಸ್ತನ ಹತ್ತಿರ ಇನ್ನೊಂದು, ಮೇಸ್ತ್ರಿಯ ಹತ್ತಿರ ಮತ್ತೊಂದು. ಒಂದು ಸೋಮವಾರ ನೋಡಿದರೆ ನೂಲಿನ ಕಟ್ಟುಗಳು ಮಾಯ. ಬೀಗ ಮಾತ್ರ ಮುರಿದಿರಲಿಲ್ಲ.

ಕಾರ್ಖಾನೆಯವರು ‘ಡೊಮೆಸ್ಟಿಕ್ ಎನ್‌ಕ್ವೈರಿ’ ನಡೆಸಿದರು. ಅಂದರೆ ಆಡಳಿತದವರೇ ಒಬ್ಬ ಅಧಿಕಾರಿಯನ್ನು ಕೂರಿಸಿ ಕಾರ್ಖಾನೆಯೊಳಗೇ ಮಾಡಿಕೊಳ್ಳುವ ವಿಚಾರಣೆ. ಆ ಅಧಿಕಾರಿ ಮಲ್ಲೇಶ್ವರದವರು, ಹಿಂದೆ ಇಂಗ್ಲಿಷ್ ಮೇಷ್ಟರಾಗಿದ್ದವರು. “ನಿನ್ನ ಹತ್ರ ಬೀಗದ ಕೈ ಇತ್ತೇನಮ್ಮ?” ಎಂದು ಕೇಳಿದರು. “ಇತ್ತು ಸ್ವಾಮಿ” ಎಂದಳು ಕೆಂಪಮ್ಮ. ಅವರು ಇಂಗ್ಲಿಷಿನಲ್ಲಿ ಬರೆದುಕೊಂಡದ್ದು, ‘ಐ ಹ್ಯಾಡ್ ದಿ ಕೀ’. ಅದರ ಮೇಲೆ ಅವಳ ಹೆಬ್ಬೆಟ್ಟು ಒತ್ತಿಸಿ, ಕಳ್ಳತನದ ಆಪಾದನೆ ರುಜುವಾತಾಯಿತೆಂದು ಕೆಲಸದಿಂದ ತೆಗೆದರು.

ಇಲ್ಲಿ ಆ ಸಣ್ಣ ‘ದಿ’ ಏನು ಮಾಡಿತೆಂದು ಹೇಳಬೇಕು. ಶಾಲೆಯಲ್ಲಿ ನಮಗೆಲ್ಲ ‘ದಿ’ ಎಂದರೆ ‘ಆ’ ಎಂದು ಕಲಿಸಿದ್ದರು. ಅದು ಅರ್ಧ ಸುಳ್ಳು. ‘ಆ’ ಎನ್ನುವುದು ಬೆರಳು ತೋರಿಸುವ ಮಾತು. ‘ದಿ’ ಬೆರಳು ತೋರಿಸುವುದಿಲ್ಲ. ‘ನಾನು ಹೇಳುತ್ತಿರುವುದು ಯಾವುದೆಂದು ನಿಮಗೆ ಗೊತ್ತೇ ಇದೆ, ಇಲ್ಲಿ ಇರುವುದು ಅದೊಂದೇ’ ಎಂದು ಸದ್ದಿಲ್ಲದೆ ಒಪ್ಪಿಸಿಬಿಡುತ್ತದೆ. ಸೂರ್ಯನಿಗೆ, ಚಂದ್ರನಿಗೆ ಇಂಗ್ಲಿಷಿನವರು ‘ದಿ’ ಹಚ್ಚುವುದು ಅದಕ್ಕೇ. ‘ಎ ಕೀ’ ಎಂದು ಬರೆದಿದ್ದರೆ ಬೀಗದ ಕೈಗಳಲ್ಲಿ ಒಂದು ಅವಳ ಹತ್ತಿರ ಇತ್ತು ಎಂದಷ್ಟೇ ಆಗುತ್ತಿತ್ತು. ‘ದಿ ಕೀ’ ಎಂದ ಮೇಲೆ ಇದ್ದದ್ದೊಂದೇ, ಅದು ಇದ್ದದ್ದು ಅವಳ ಹತ್ತಿರ, ಆದ್ದರಿಂದ ಬಾಗಿಲು ತೆಗೆದವಳು ಅವಳೇ. ಕನ್ನಡದಲ್ಲಿ ನಮಗೆ ಈ ತಂಟೆಯೇ ಇಲ್ಲ. ಬೀಗದ ಕೈ ಎಂದರೆ ಬೀಗದ ಕೈ.

ಕಾರ್ಮಿಕ ಸಂಘದವರು ಕೇಸನ್ನು ಕಾರ್ಮಿಕರ ವ್ಯಾಜ್ಯ ತೀರಿಸುವ ಟ್ರಿಬ್ಯುನಲ್‌ಗೆ ತಂದು ನನಗೆ ಒಪ್ಪಿಸಿದರು. ಕೆಂಪಮ್ಮ ಗಿರಣಿಯ ಸದ್ದಿನ ಮೇಲೆ ಕೂಗಿ ಹೇಳಿದಳು: “ಕೂಲಿ ಎಲ್ಲಾದ್ರೂ ಸಿಕ್ತದೆ ಸ್ವಾಮಿ. ವಠಾರದಾಗೆ ನಾನು ಬಂದ್ರೆ ಬಾಗ್ಲಿಗೆ ಚಿಲ್ಕ ಹಾಕ್ಕೊತಾರೆ. ಕಳ್ಳಿ ಅನ್ನೋದೊಂದು ತೆಗ್ಸಿಕೊಡಿ.”

ಗುಮಾಸ್ತನೂ ಮೇಸ್ತ್ರಿಯೂ ತಮ್ಮ ಬಳಿ ಬೀಗದ ಕೈ ಇರಲೇ ಇಲ್ಲವೆಂದು ಸಾಕ್ಷಿ ನುಡಿದರು. ಇದ್ದದ್ದನ್ನು ಕಂಡ ಕೆಲಸಗಾರರು ಹೊಟ್ಟೆಪಾಡಿಗೆ ಹೆದರಿ ಸಾಕ್ಷಿ ಹೇಳಲು ಬರಲಿಲ್ಲ. ಕೆಂಪಮ್ಮ ಕಟಕಟೆಯಲ್ಲಿ “ಮೂರಿದ್ವು” ಎಂದದ್ದನ್ನು, ಆಮೇಲೆ ಹೊಳೆದ ಕತೆ ಎಂದು ಎದುರು ವಕೀಲರು ತಳ್ಳಿಹಾಕಿದರು. ನನಗೆ ಉಳಿದದ್ದು ಆ ‘ದಿ’ ಒಂದೇ. ವಿಚಾರಣಾಧಿಕಾರಿಯನ್ನು ಪಾಟೀಸವಾಲಿಗೆ ಕರೆದೆ.

“‘ದಿ ಕೀ’ ಅಂದರೆ ಕನ್ನಡದಲ್ಲಿ ಏನು ಸಾರ್?”

“ಬೀಗದ ಕೈ.”

“‘ಎ ಕೀ’ ಅಂದರೆ?”

“ಅದೂ ಬೀಗದ ಕೈಯೇ.”

“ಹಾಗಾದರೆ ಆಕೆ ಹೇಳದ ‘ದಿ’ ಎಲ್ಲಿಂದ ಬಂತು?”

“ಇಂಗ್ಲಿಷಲ್ಲಿ ಬರೆಯುವಾಗ ಎರಡರಲ್ಲಿ ಒಂದು ಹಾಕಲೇಬೇಕಲ್ಲ ಸ್ವಾಮಿ. ಹಾಕಿದೆ. ಆಮೇಲೆ ಕನ್ನಡದಲ್ಲಿ ಓದಿ ಹೇಳಿದೆ, ಆಕೆ ಸರಿ ಎಂದು ಒಪ್ಪಿದ್ದಾರೆ.”

ಗೆದ್ದೆ ಎಂದುಕೊಂಡೆ. ಇದೇ ಅಲ್ಲವೇ ನನಗೆ ಬೇಕಾಗಿದ್ದದ್ದು? ಓದಿ ಹೇಳುವ ಕಟ್ಟಳೆ ಇರುವುದು ಬಡವರ ಮಾತು ಕೆಡದಿರಲಿ ಎಂದು. ಆದರೆ ಇಂಗ್ಲಿಷಿನಲ್ಲಿ ಸೇರಿಕೊಂಡ ‘ದಿ’ ಕನ್ನಡಕ್ಕೆ ತಿರುಗಿಸಿ ಓದುವಾಗ ಉದುರಿಹೋಗುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಕಾಗದದಲ್ಲಿ ಮತ್ತೆ ಎದ್ದು ಕೂರುತ್ತದೆ. ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಬೇಕೆಂದು, “ಅಂದು ಓದಿದ ಹಾಗೆಯೇ ಈಗ ಓದಿ” ಎಂದೆ.

ಅವರು ಓದಿದರು. “ನನ್ನ ಹತ್ತಿರ ಬೀಗದ ಕೈ ಇತ್ತು.”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಕೆಂಪಮ್ಮ ಎದ್ದು ನಿಂತು ಕೈ ಮುಗಿದಳು. “ಹೌದು ಸ್ವಾಮಿ, ಹಂಗೇ ಅಂದಿದ್ದು. ಅವ್ರು ಏನೂ ತಪ್ಪು ಬರ್ದಿಲ್ಲ.”

ಎದುರು ವಕೀಲರು ನಕ್ಕರು. “ಇದೂ ದಾಖಲಾಗಲಿ” ಎಂದರು. ದಾಖಲಾಯಿತು, ಇಂಗ್ಲಿಷಿನಲ್ಲಿ: ಕೆಲಸಗಾರ್ತಿ ತನ್ನ ಹೇಳಿಕೆಯನ್ನು ಮತ್ತೊಮ್ಮೆ ಒಪ್ಪಿದ್ದಾಳೆ. ಟ್ರಿಬ್ಯುನಲ್ಲಿನ ಅಧ್ಯಕ್ಷರು, ವಿಚಾರಣಾಧಿಕಾರಿ, ಎರಡೂ ಕಡೆಯ ವಕೀಲರು, ಬೆರಳಚ್ಚು ಗುಮಾಸ್ತ, ಆ ಕೋಣೆಯಲ್ಲಿದ್ದವರೆಲ್ಲ ಮನೆಯಲ್ಲಿ ಕನ್ನಡ ಆಡುವವರು. ಅವಳು ಏನೆಂದಳೆಂದು ಪ್ರತಿಯೊಬ್ಬರಿಗೂ ತಿಳಿದಿತ್ತು. “ಸ್ವಾಮಿ, ತಮಗೂ ಕೇಳಿಸಿತಲ್ಲ” ಎಂದೆ. “ನನಗೆ ಕೇಳಿಸಿದ್ದು ಬೇರೆ, ರೆಕಾರ್ಡು ಬೇರೆ” ಎಂದರು ಅಧ್ಯಕ್ಷರು. ಕೆಟ್ಟವರಲ್ಲ ಅವರು. ಅದೇ ನನ್ನ ಹೊಟ್ಟೆ ಉರಿಸುವ ಸಂಗತಿ.

ತೀರ್ಪು ಚಿಕ್ಕದು. ಆಡಳಿತದವರ ವಿಚಾರಣೆಯಲ್ಲಿ ಸಾಕ್ಷ್ಯವೇ ಇಲ್ಲದಿದ್ದರೆ ಟ್ರಿಬ್ಯುನಲ್ ಕೈ ಹಾಕಬಹುದು; ಇಲ್ಲಿ ಆಕೆಯ ಒಪ್ಪಿಗೆಯೇ ಇದೆ; ಕೆಲಸದಿಂದ ವಜಾ ಮಾಡಿದ್ದು ಸರಿ. ಹೊರಗೆ ಬಂದ ಮೇಲೆ ಕೆಂಪಮ್ಮ ಕೇಳಿದಳು, “ಏನಂದ್ರು ಸ್ವಾಮಿ?”

“ಬೀಗದ ಕೈ ಇತ್ತು ಅಂತ ನೀನೇ ಒಪ್ಪಿದೀಯ ಅಂದ್ರಮ್ಮ.”

“ಇತ್ತಲ್ಲ. ನಿಜಾನೇ ಹೇಳಿದ್ದು.” ಸೆರಗು ಬಿಗಿದುಕೊಂಡಳು. “ಇರ್ಲಿಲ್ಲ ಅಂದಿದ್ರೆ ಬಿಡ್ತಿದ್ರಾ?”

ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು. ಅನಿಸಿದ್ದನ್ನೇ ಹೇಳಿದೆ. “ಬಿಡ್ತಿದ್ರು ಅನ್ಸುತ್ತೆ ಕಣಮ್ಮ.”

“ಅಷ್ಟು ಸುಳ್ಳು ನಂಗೂ ಬರ್ತಿತ್ತು ಸ್ವಾಮಿ” ಎಂದು ಅವಳು ಮೆಟ್ಟಿಲಿಳಿದು ಹೋದಳು.

ಅಲ್ಲಿಂದ ಮುಂದೆ ವಿಚಾರಣೆಗೆ ಹೋಗುವ ಪ್ರತಿಯೊಬ್ಬ ಕೆಲಸಗಾರನನ್ನೂ ಮೊದಲು ಕೂರಿಸಿಕೊಂಡು ಪಾಠ ಹೇಳಿದೆ. ‘ಇತ್ತು’ ಅನ್ನಬೇಡ, ‘ಎಲ್ಲರ ಹತ್ತಿರ ಇದ್ದ ಹಾಗೆ ನನ್ನ ಹತ್ತಿರಾನೂ ಒಂದಿತ್ತು’ ಅನ್ನು. ನಿನ್ನ ಮಾತು ಬೇರೆ ಭಾಷೆಗೆ ಹೋಗುತ್ತದೆ, ಹೋಗುವಾಗ ಅದಕ್ಕೆ ಕಾವಲು ಹಾಕಿ ಕಳಿಸು. ಇದರಿಂದ ಕೆಲವರ ಕೆಲಸ ಉಳಿಯಿತು. ಸುಳ್ಳು ಹೇಳೆಂದು ನಾನು ಯಾರಿಗೂ ಕಲಿಸಲಿಲ್ಲ. ಆದರೆ, ನಿಜ ಹೇಳು, ಅಷ್ಟು ಸಾಕು ಎಂದು ಹೇಳುವ ಧೈರ್ಯ ಮಾತ್ರ ಆಮೇಲೆ ನನಗೆ ಬರಲೇ ಇಲ್ಲ.