ಮಾದಲಿ ಬರೆದುಕೊಳ್ಳಲು ಹೋಗಿ

ಗೋಕಾಕದಲ್ಲಿ ನಾವೊಂದಿಷ್ಟು ಜನ ಸೇರಿ ತಿಂಗಳಿಗೊಂದು ಭಾನುವಾರ ‘ಸಾವಕಾಶ ಊಟ’ ಅಂತ ಮಾಡುತ್ತೇವೆ. ನಮ್ಮ ಕಡೆಯ ಹಳೆಯ ಅಡುಗೆಗಳನ್ನು ಕೂಡಿ ಮಾಡಿ, ಅವಸರವಿಲ್ಲದೆ ಕೂತು ಉಣ್ಣುವುದು, ಅಷ್ಟೇ. ಈ ಸಲ ಗೋಧಿ-ಬೆಲ್ಲದ ಸಿಹಿಪುಡಿ ಮಾದಲಿ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೆವು. ಅದನ್ನು ಚೆನ್ನಾಗಿ ಬಲ್ಲವರು ಹತ್ತಿರದ ಹಳ್ಳಿಯ ಗಂಗವ್ವ ಅರಭಾವಿ. “ಪ್ಯಾಟ್ಯಾಗ ಅಷ್ಟ ಮಂದಿ ಮುಂದ ನಾ ಬರಾಂಗಿಲ್ರಿ. ಬೇಕಾದ್ರ ಬಂದು ಬರಕೊಂಡ ಹೋಗ್ರಿ” ಅಂದಿದ್ದರು. ಹಾಗಾಗಿ ನಾನು ಅವರ ಮನೆಗೆ ಹೋದೆ.

ದಪ್ಪನೆಯ ಗೋಧಿ ರೊಟ್ಟಿಗಳನ್ನು ಅವರು ಆಗಲೇ ಸುಟ್ಟು ಒಣಗಿಸಿದ್ದರು. ಮುರಿದು ಬೀಸುಕಲ್ಲಿಗೆ ಹಾಕಿ, ಬಾಯೊಳಗೇ ಏನೋ ಗುನುಗುತ್ತ ಬೀಸತೊಡಗಿದರು. ನಾನು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಗೋಡೆಗೊರಗಿ ಕೂತೆ. ಮಧ್ಯಾಹ್ನದ ಬಿಸಿಲು ಹೊಸ್ತಿಲ ತನಕ ಬಂದು ನಿಂತಿತ್ತು. ಮನೆಯೆಲ್ಲ ಏಲಕ್ಕಿ, ಹುರಿದ ಗಸಗಸೆಯ ವಾಸನೆ. ಕಲ್ಲು ತಿರುಗುವ ಸದ್ದು ದೂರದ ಹೊಳೆಯಂತೆ ಕೇಳುತ್ತ ಕೇಳುತ್ತ ಇನ್ನೂ ದೂರ ಹೋಯಿತು.

ಕಣ್ಣು ಬಿಟ್ಟಾಗ ನನಗೆ ಕೌದಿ ಹೊದಿಸಿದ್ದರು. ಎದುರಿಗೆ ಬಟ್ಟಲ ತುಂಬ ಮಾದಲಿ, ಮೇಲೆ ಬೆಚ್ಚನೆಯ ಹಾಲು.

“ಅಯ್ಯ, ಎಬ್ಬಸಬಾರದೇನ್ರಿ ಅವ್ವಾರ? ಬೆಲ್ಲ ಎಷ್ಟ ಹಾಕಿದ್ರಿ?”

“ಚಲೋ ನಿದ್ದಿ ಹತ್ತಿತ್ತು, ಹೆಂಗ ಎಬ್ಬಸಲಿ? ಮೊದ್ಲ ತಿನ್ರಿ.”

ತಿಂದೆ. ತೊಡೆಯ ಮೇಲಿನ ಹಾಳೆ ಖಾಲಿಯೇ ಇತ್ತು. ಅದನ್ನು ನೋಡಿ ಗಂಗವ್ವ ಬಾಯಿಗೆ ಸೆರಗು ಹಚ್ಚಿ ನಕ್ಕರು. “ನಿಮ್ಮನ್ನ ನಂಬಿದ್ರ ಐತವಾರ ಮಂದಿ ಉಪಾಸ ಹೋಗ್ತಾರ. ನಾನ ಬರತೇನಿ ತಗೋರಿ.”

ಖರೆ ಬಂದರು. ಎಲ್ಲರೂ ಸುತ್ತ ಕೂತು ಅವರ ಕೈಯನ್ನೇ ನೋಡಿ ಕಲಿತರು. ಸಂಜೆಯ ಬಸ್ಸನ್ನೂ ಬಿಟ್ಟು ಗಂಗವ್ವ ಮಾತಾಡುತ್ತ ಉಳಿದರು.

“ಅವ್ರನ್ನ ಹೆಂಗ ಒಪ್ಪಿಸಿದ್ರಿ?” ಎಂದು ನಮ್ಮ ಗುಂಪಿನವರು ಇನ್ನೂ ಕೇಳುತ್ತಾರೆ. ಭಾಳ ಕಷ್ಟಪಟ್ಟೆ ಎಂದಷ್ಟೇ ಹೇಳುತ್ತೇನೆ.