ಅಸೂಟಿಯ ಕೆಟ್ಟ ಸೊಸೆ

ನಾನು ಹಾಡುತ್ತೇನೆ, ನಾಟಕದಲ್ಲಿ ಪಾತ್ರವನ್ನೂ ಮಾಡುತ್ತೇನೆ. ಹೀಗೆಂದರೆ ಜನ, ಎರಡರಲ್ಲಿ ನಿನ್ನದು ಯಾವುದು ಎಂದು ಕೇಳುತ್ತಾರೆ. ರೋಣದ ನನ್ನ ಸಂಗೀತದ ಮಾಸ್ತರರೂ ಅದನ್ನೇ ಕೇಳುತ್ತಿದ್ದರು. ಆದರೆ ಅವರ ದನಿಯಲ್ಲಿ ಪ್ರಶ್ನೆ ಇರುತ್ತಿರಲಿಲ್ಲ.

"ಸ್ಟೇಜಿನ ಮ್ಯಾಲೆ ಒದರಿ ಒದರಿ ಗಂಟಲಾ ಹರಕೊಂಡು ಬರ್ತಿ, ಆಮ್ಯಾಲೆ ನನ್ನ ಮುಂದ ಕುಂತು ಸಾ ಹಚ್ಚತಿ. ಅದು ಸಾ ಅಲ್ಲವಾ, ಸಾಣಿ ಹಿಡಿಯೋ ಕುಡಗೋಲಿನ ಸಪ್ಪಳ," ಎನ್ನುತ್ತಿದ್ದರು.

ನರಗುಂದದ ಹಿರಿಯ ನಟಿಯ ದೂರು ಬೇರೆ. ನನ್ನನ್ನು ನಾಟಕಕ್ಕೆ ತಂದವರು ಅವರೇ. ರಂಗದ ಮೇಲೆ ಒಂದೋ ನನ್ನ ಅತ್ತೆ, ಇಲ್ಲವೇ ನನ್ನ ತಾಯಿ. "ಹಾಡು ಬಂತಂದ್ರ ನೀ ಕಣ್ಣ ಮುಚ್ಚಿಬಿಡ್ತಿ. ಮಂದಿ ಬಂದದ್ದು ನಿನ್ನ ರೆಪ್ಪಿ ನೋಡಾಕೇನು?" ಎಂದು ಅವರು ಬೈಯುತ್ತಿದ್ದರು.

ನಮ್ಮ ಮನೆ ಗಜೇಂದ್ರಗಡದಲ್ಲಿದೆ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಸೀರೆ ನೇಯುತ್ತಾನೆ, ಅವ್ವ ಪಕ್ಕದಲ್ಲಿ ಕುಳಿತು ನೂಲು ಸುತ್ತಿಕೊಡುತ್ತಾಳೆ. ಮಗ್ಗದ ಸದ್ದಿನಿಂದಲೇ ನಿನಗೆ ತಾಳ ಹಿಡಿದಿರಬೇಕು ಎಂದು ಓದಿದ ಜನ ಹೇಳುವುದುಂಟು. ಹಾಗೇನೂ ಆಗಲಿಲ್ಲ. ಆ ಸದ್ದಿನ ನಡುವೆ ನನ್ನ ಹಾಡು ಅವ್ವನಿಗೆ ಕೇಳಿಸಬೇಕೆಂದರೆ ಕೂಗಿ ಹಾಡಬೇಕಿತ್ತು. ಆ ಕೂಗುವ ಚಟ ಬಿಡಿಸಲು ಮಾಸ್ತರರು ವರ್ಷಗಟ್ಟಲೆ ಒದ್ದಾಡಿದರು. ಅವರು ಬಿಡಿಸಿ ಮುಗಿಸುವ ಹೊತ್ತಿಗೆ ನಾಟಕ ಬಂದು, ಮೈಕು ಕೈಕೊಟ್ಟರೂ ಕಡೆಯ ಸಾಲಿಗೆ ಕೇಳಿಸುವ ದನಿ ಬೇಕು ಎಂದಿತು.

ಹಿರಿಯ ನಟಿ ನನ್ನನ್ನು ಮೊದಲು ಕಂಡದ್ದು ನರಗುಂದದ ಒಂದು ಮದುವೆಯಲ್ಲಿ. ನಾನು ಅಲ್ಲಿ ಹಾಡಲು ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕುಳಿತು, "ನೀ ಹಾಡಿದ್ದು ಇರಲಿ. ಹಿಂದ ನಿಂತು ಮದಿಮಗನ ಸ್ವಾದರಮಾವ ಹ್ಯಾಂಗ ನಡೀತಾನಂತ ಹುಡುಗ್ಯಾರಿಗೆ ಮಾಡಿ ತೋರಸಾಕತ್ತಿದ್ದೆಲ್ಲ, ಅದನ್ನ ನೋಡೀನಿ. ನಾಟಕಕ್ಕ ಬರ್ತೀಯೇನು?" ಎಂದು ಕೇಳಿದರು.

ನಾಟಕವೆಂದರೆ ಅವ್ವನಿಗೆ ಅಂಜಿಕೆ. ಹಿರಿಯ ನಟಿ ಒಂದು ದಿನ ಬಸ್ಸು ಹಿಡಿದು ನಮ್ಮ ಮನೆಗೇ ಬಂದರು. ಮಧ್ಯಾಹ್ನವೆಲ್ಲ ಅವ್ವನ ಜೊತೆ ನೂಲು ಸುತ್ತುತ್ತ ತಮ್ಮ ಸಂಸಾರದ ಕಥೆ ಹೇಳಿದರು, ಅವ್ವನ ಕಥೆ ಕೇಳಿದರು. ನಾಟಕದ ಮಾತನ್ನೇ ಎತ್ತಲಿಲ್ಲ. ಅವರು ಚಪ್ಪಲಿ ಮೆಟ್ಟುವಾಗ ಅವ್ವನೇ, "ಹುಡುಗಿನ್ನ ನಿಮ್ಮ ಮಗ್ಗಲದಾಗ ಮಲಗಿಸಿಕೋರಿ, ಮತ್ತ ಲಗೂ ಕಳಸರಿ," ಎಂದಳು.

ಹಾಗೆ ಶುರುವಾಯಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಊರಿನ ಹುಡುಗರೇ ನಾಟಕ ಕಲಿಯುತ್ತಾರೆ. ಗಂಡಸರ ಪಾತ್ರಗಳೆಲ್ಲ ಅವರವೇ. ಹೆಣ್ಣಿನ ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಕರೆಸುತ್ತಾರೆ. ಅಸೂಟಿಯಿಂದ ಕರೆ ಬಂದಾಗ ನನಗೆ ಸಿಕ್ಕಿದ್ದು ಕೆಟ್ಟ ಸೊಸೆಯ ಪಾತ್ರ. ಗಂಡನನ್ನು ಕೈಯಲ್ಲಿಟ್ಟುಕೊಂಡು ಅತ್ತೆಯನ್ನು ಮನೆಯಿಂದ ಹೊರಗೆ ಹಾಕುವುದು, ಆಮೇಲೆ ಜಂಬದಿಂದ ಒಂದು ಹಾಡು ಹಾಡುವುದು. ಹಿರಿಯ ನಟಿ ಅತ್ತೆ. ಗಂಡನ ಪಾತ್ರಕ್ಕೆ ಅದೇ ಊರಿನ ಒಬ್ಬ ಯುವಕ ರೈತ. ಮಾತೆಲ್ಲ ಬಾಯಿಪಾಠ ಮಾಡಿದ್ದ, ದನಿಯೂ ಚಲೋ ಇತ್ತು. ಆದರೆ ಆಟದ ದಿನ ಅವನ ಸ್ವಂತ ತಾಯಿ ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕುಳಿತುಬಿಟ್ಟಿದ್ದಳು. "ಈ ಮುದುಕಿ ನನಗ ಬ್ಯಾಡ" ಎಂದು ಗುಡುಗಬೇಕಾದ ಕಡೆ ಅವನು ಮುಂದಿನ ಸಾಲಿನತ್ತ ನೋಡಿ, ಮೆಲ್ಲಗೆ, ಕ್ಷಮೆ ಕೇಳುವವನ ಹಾಗೆ ಅಂದ. ಅವನು ಇಳಿದಷ್ಟೂ ನಾನು ಏರಬೇಕಾಯಿತು. ಅವನ ಪಾಲಿನ ಸಿಟ್ಟನ್ನೂ ನಾನೇ ಮಾಡಿದೆ.

ಹೊರಗೆ ಹಾಕಿಸಿಕೊಂಡ ಅತ್ತೆ ಅಂಗಳದಲ್ಲಿ ಕುಳಿತು ಹಸಿವೆ ಎಂದು ಅಳುವ ದೃಶ್ಯ. ಹಿರಿಯ ನಟಿ ಅಳುವುದರಲ್ಲಿ ಎತ್ತಿದ ಕೈ. ಮೂಗು ಸುರಿಸದೆ, ಕಣ್ಣು ಉಜ್ಜಿಕೊಳ್ಳದೆ, ಬರೀ ಗದ್ದ ನಡುಗಿಸಿ ಅಳುತ್ತಾರೆ. ಜನ ಸೆರಗು ಬಾಯಿಗೆ ಹಿಡಿದಿದ್ದರು. ಆಗ ರೈತನ ತಾಯಿ ಎದ್ದು ನಿಂತಳು. ಆಟ ಉದ್ದ ಎಂದು ಎಲ್ಲರೂ ಬುತ್ತಿ ಕಟ್ಟಿಕೊಂಡೇ ಬಂದಿದ್ದರು. ಆಕೆ ತನ್ನ ಗಂಟು ಬಿಚ್ಚಿ ಒಂದು ಜೋಳದ ರೊಟ್ಟಿ, ಅದರ ಮೇಲೆ ಕೆಂಪು ಚಟ್ನಿ ಇಟ್ಟುಕೊಂಡು ರಂಗದ ಅಂಚಿಗೆ ಬಂದು, "ತಗೋ ತಂಗಿ, ಉಣ್ಣು," ಎಂದು ಕೊಟ್ಟಳು.

ನಾಟಕದಲ್ಲಿ ಇದು ಇರಲಿಲ್ಲ. ಹಾರ್ಮೋನಿಯಂ ನಿಂತಿತು. ಪರದೆಯ ಹಿಂದೆ ಮಾತು ಹೇಳಿಕೊಡುವವನೂ ಬಾಯಿ ಮುಚ್ಚಿಕೊಂಡ. ಹಿರಿಯ ನಟಿ ರೊಟ್ಟಿಯನ್ನು ಕಣ್ಣಿಗೆ ಒತ್ತಿಕೊಂಡರು, ನಂತರ ಓರೆಗಣ್ಣಿನಿಂದ ನನ್ನನ್ನು ನೋಡಿದರು. ಮಾಡು ಏನು ಮಾಡುತ್ತೀಯೋ, ಎಂಬಂತಿತ್ತು ಆ ನೋಟ.

ನಾನು ಯೋಚಿಸಲಿಲ್ಲ. ಒಂದೇ ಹೆಜ್ಜೆಗೆ ಹೋಗಿ ಆ ರೊಟ್ಟಿ ಕಸಿದುಕೊಂಡೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅತ್ತೆಯ ಎದುರಿಗೇ ಮುರಿದು ಮುರಿದು ತಿಂದೆ.

ಜನರಿಂದ ಎದ್ದ ಸಿಟ್ಟಿನ ಸದ್ದನ್ನು ನಾನು ಯಾವತ್ತೂ ಮರೆಯಲಾರೆ. ಆದರೆ ಮುಂದಿನದು ಹಾಡು. ಬಾಯ್ತುಂಬ ಒಣ ರೊಟ್ಟಿ, ಚಟ್ನಿಯ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು. ಹಾರ್ಮೋನಿಯಂನವರು ಹಾಡಿನ ಮೊದಲ ಸಾಲು ನುಡಿಸಿದರು. ನಾನು ಇನ್ನೂ ಅಗಿಯುತ್ತಿದ್ದೆ. ಮತ್ತೆ ನುಡಿಸಿದರು. ಸೊಂಟದ ಮೇಲೆ ಕೈಯಿಟ್ಟುಕೊಂಡು, ಜಂಬದಿಂದ ಅತ್ತಿಂದಿತ್ತ ಅಡ್ಡಾಡುತ್ತ ನುಂಗಿದೆ. ಮತ್ತೊಮ್ಮೆ ನುಡಿಸಿದ ಮೇಲೆ ಹಾಡು ಹೊರಬಂತು. ಆ ದಿನ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಉರಿ ಜಾಸ್ತಿಯಾಗುತ್ತಿತ್ತು. ಹಿರಿಯ ನಟಿ ಆಮೇಲೆ, "ಇವತ್ತು ಖರೇ ನಟಿ ಆದಿ ನೋಡು," ಎಂದರು.

ಬೆಳಿಗ್ಗೆ ನಾವು ಬಸ್ಸಿಗೆ ಹೊರಟಾಗ ಊರಿನ ಹೆಂಗಸರು ಹಿರಿಯ ನಟಿಗೆ ಉಡಿ ತುಂಬಿದರು. ಕುಬಸದ ಖಣ, ಮೆಂತ್ಯ ಸೊಪ್ಪಿನ ಸೂಡು, ಒಬ್ಬಾಕೆ ಬೆಣ್ಣೆ. ನನ್ನತ್ತ ಯಾರೂ ನೋಡಲಿಲ್ಲ. ಒಬ್ಬ ತಾಯಿ ತನ್ನ ಮಗಳಿಗೆ, "ಇಕಿನೇ ನೋಡು," ಎಂದು ತೋರಿಸಿದಳು, ಅಷ್ಟೆ. ಹಿರಿಯ ನಟಿ ಬಸ್ಸಿನಲ್ಲಿ ಬೆಣ್ಣೆಯಲ್ಲಿ ಅರ್ಧ ನನಗೆ ಕೊಟ್ಟು, "ನಾ ಅತ್ತದ್ದಕ್ಕ ಅರ್ಧ, ನೀ ಅಳಿಸಿದ್ದಕ್ಕ ಅರ್ಧ," ಎಂದರು.

ಕೆಲವು ತಿಂಗಳ ಮೇಲೆ ಒಂದು ಫೋನು ಬಂತು. ಹೆಣ್ಣುದನಿ.

"ಅಸೂಟಿಯಿಂದ ಮಾತಾಡಾಕತ್ತೀನ್ರಿ. ನಿಮ್ಮ ಗಂಡನ ಖರೇ ಹೆಂಡ್ತಿ."

ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಇಬ್ಬರೂ ನಕ್ಕೆವು. ಅವಳಿಗೆ ಮಗಳು ಹುಟ್ಟಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯವಿತ್ತು. ಆಟದ ದಿನ ನಾವು ಬಣ್ಣ ಹಚ್ಚಿಕೊಂಡದ್ದು ಅವರ ಪಕ್ಕದ ಮನೆಯಲ್ಲಿ. ಅಲ್ಲಿ ನಾನು ದನಿ ಸರಿಮಾಡಿಕೊಳ್ಳಲು ಮೆಲ್ಲಗೆ ಹಾಡಿಕೊಂಡದ್ದನ್ನು ಅವಳು ಗೋಡೆಯ ಆಚೆಯಿಂದ ಕೇಳಿದ್ದಳಂತೆ. "ಅವಾಗ ಇದು ಹೊಟ್ಟ್ಯಾಗಿತ್ತು. ನೀವು ಹಾಡಿದಾಗ ಒದೀತು. ನೀವ ಬಂದು ಜೋಗುಳ ಹಾಡಬೇಕ್ರಿ," ಎಂದಳು. ಸ್ವಲ್ಪ ತಡೆದು, "ನಮ್ಮ ಅತ್ತಿಯವರಿಗೆ ಬರೀ ಹಾಡಾಕಿ ಬರ್ತಾಳಂತ ಹೇಳೀನಿ. ಯಾರಂತ ಹೇಳಿಲ್ಲ," ಎಂದು ಸೇರಿಸಿದಳು.

ಅಪ್ಪ ನೇಯ್ದ ಸೀರೆಯುಟ್ಟು, ಸಣ್ಣ ಹಾರ್ಮೋನಿಯಂ ಹೊತ್ತುಕೊಂಡು ಹೋದೆ. ಬಣ್ಣವಿಲ್ಲದ ನನ್ನ ಮುಖ, ಅಂದು ರೊಟ್ಟಿ ಕೊಟ್ಟಿದ್ದ ಅವಳ ಅತ್ತೆಗೆ ಗುರುತು ಸಿಗಲಿಲ್ಲ. ನೀರು ಕೊಟ್ಟಳು, ಚಾಪೆ ಹಾಸಿದಳು, "ಎಷ್ಟು ಸಣ್ಣಾಕಿ ಅದಿಯಲ್ಲ ನನ್ನವ್ವ," ಎಂದು ಗಲ್ಲ ಮುಟ್ಟಿದಳು. ನಾನು ತಲೆಯಾಡಿಸುತ್ತ ಮಾತಾಡದೆ ಕುಳಿತಿದ್ದೆ. ಎಷ್ಟು ಹೊತ್ತು ಹಾಗೆ ಇರಲು ಸಾಧ್ಯ? ತೊಟ್ಟಿಲು ಎಲ್ಲಿ ಕಟ್ಟುತ್ತೀರಿ ಎಂದು ಕೇಳಿಯೇಬಿಟ್ಟೆ.

ಆಕೆ ಗುಗ್ಗರಿಯ ಬುಟ್ಟಿ ಕೆಳಗಿಟ್ಟಳು. "ಈ ದನಿ ನಾ ಕೇಳೀನಿ," ಎಂದಳು. ಹತ್ತಿರ ಬಂದು ಮುಖ ನೋಡಿದಳು. "ರೊಟ್ಟಿ ಕಸಗೊಂಡಾಕಿ ನೀನ ಹೌದಿಲ್ಲೋ?"

"ಹೌದ್ರಿ," ಎಂದೆ.

ಕೋಣೆಯ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಬಾಗಿಲಲ್ಲಿ ರೈತ ನಿಂತಿದ್ದ. ಒಂದು ಕಡೆ ತಾಯಿ, ಒಂದು ಕಡೆ ಹೆಂಡತಿ, ನಡುವೆ ನಾನು. ರಂಗದ ಮೇಲೆ ಎಷ್ಟು ಕಲಿಸಿದರೂ ಸಿಟ್ಟು ಬಾರದಿದ್ದ ಅವನ ಮುಖದಲ್ಲಿ ಈಗ ದಿಗಿಲು ತಾನಾಗಿ ಬಂದಿತ್ತು.

"ಯವ್ವಾ, ಅದು ನಾಟಕ," ಎಂದ.

"ನಾಟಕಂತ ನನಗ ತಿಳಿಯೂದಿಲ್ಲೇನು?" ಎಂದಳು ತಾಯಿ. "ನೀ ಜರಿ ಅಂಗಿ ಹಾಕ್ಕೊಂಡ ಕೂಡ್ಲೆ ಸಾವಕಾರ ಆದಿ ಅಂತ ನಾ ತಿಳಕೊಂಡ್ನೇನು? ನಾಟಕ ಸುಳ್ಳು, ಅಳೂದು ಸುಳ್ಳು, ಎಲ್ಲಾ ಸುಳ್ಳು. ಆದ್ರ ರೊಟ್ಟಿ ಖರೇ ಇತ್ತಿಲ್ಲೋ? ನನ್ನ ಒಲಿ ಮ್ಯಾಲೆ ನಾನ ಬಡದದ್ದು." ನನ್ನ ಕಡೆ ತಿರುಗಿದಳು. "ಅಷ್ಟು ಮಂದ್ಯಾಗ ನಿಂತು ಪೂರ್ತಿ ತಿಂದಿ. ಹ್ಯಾಂಗಿತ್ತು ಅಂತ ಒಂದ ಮಾತರೆ ಹೇಳಿದೇನು? ಮುಂಜಾನೆ ಮನಿ ಮುಂದಿಂದನ ಹಾದು ಹ್ವಾದಿ."

ನಾನು ಏನೇನೋ ಎದುರುನೋಡಿದ್ದೆ, ಇದನ್ನಲ್ಲ. ನಗು ಬಂತು, ಆದರೆ ಆಕೆ ನಗುತ್ತಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಿತ್ತು. ಹಾಗಾಗಿ ನಿಜವನ್ನೇ ಹೇಳಿದೆ.

"ರೊಟ್ಟಿ ಭಾಳ ಚಲೋ ಇತ್ರಿ. ಚಟ್ನಿ ಖಾರ ಇತ್ತು."

"ಖಾರ ಇರಬೇಕ. ಅದನ್ನ ಅತ್ತಿ ಬಾಯಿಗೆ ಅಂತ ಕೊಟ್ಟಿದ್ನಿ, ನಿನ್ನ ಬಾಯಿಗಲ್ಲ," ಎಂದಳು. ಮೊದಲು ನಕ್ಕವಳು ಸೊಸೆ. ಆಮೇಲೆ ಕೋಣೆಯೆಲ್ಲ ನಕ್ಕಿತು. ತಾಯಿ ಮಾತ್ರ ನಗದೆ ಒಳಗೆ ಹೋಗಿ, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಮೊಸರು ಹಾಕಿದ ತಾಟು ತಂದು ನನ್ನ ಮುಂದಿಟ್ಟಳು. ಕಾರ್ಯ ಮುಗಿದ ಮೇಲೆ ಉಣ್ಣುತ್ತೇನೆ ಎಂದರೆ ಕೇಳಲಿಲ್ಲ. ಎದುರಿಗೆ ಕುಳಿತು ಪೂರ್ತಿ ಉಣ್ಣಿಸಿದಳು. ಪ್ರತಿ ತುತ್ತಿಗೂ ಚಲೋ ಐತ್ರಿ ಎಂದೆ. ಈ ಸಲ ಬಾಯಿ ಬಿಟ್ಟೇ ಹೇಳಿದೆ.

ಕೂಸನ್ನು ತೊಟ್ಟಿಲಿಗೆ ಹಾಕಿದರು. ನಾನು ಹಾರ್ಮೋನಿಯಂ ಹಿಡಿದು ಜೋಗುಳ ಶುರುಮಾಡಿದೆ. ಎರಡನೆಯ ಸಾಲಿಗೇ ಅಜ್ಜಿಯಾದ ಆ ತಾಯಿ ನನ್ನ ಜೊತೆ ಹಾಡತೊಡಗಿದಳು. ಆಕೆಯ ಶ್ರುತಿ ನನ್ನದಕ್ಕಿಂತ ಕೆಳಗೆ, ಹಾರ್ಮೋನಿಯಂನ ಯಾವ ಸ್ವರಕ್ಕೂ ಸೇರದ್ದು. ನನ್ನ ಶ್ರುತಿಗೆ ಆಕೆಯನ್ನು ಎಳೆಯಲು ನೋಡಿದೆ, ಆಗಲಿಲ್ಲ. ಕಡೆಗೆ ಹಾರ್ಮೋನಿಯಂ ಮುಚ್ಚಿಟ್ಟು ನಾನೇ ಆಕೆಯ ದನಿಗೆ ಇಳಿದೆ. ಉಳಿದ ಹೆಂಗಸರೂ ಸೇರಿಕೊಂಡರು. ಕೂಸಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿದಾಗ ಎಲ್ಲರೂ ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಅಜ್ಜಿ ಅವಳಿಗೆ ಒಂದು ಗುದ್ದಿ, ಪಕ್ಕದಲ್ಲಿದ್ದ ನನಗೂ ಒಂದು ಗುದ್ದಿದಳು. ಪದ್ಧತಿಗೆ ಬೇಕಾದುದಕ್ಕಿಂತ ಸ್ವಲ್ಪ ಜೋರಾಗಿಯೇ ಗುದ್ದಿದಳು.

ಆ ಕಾರ್ಯಕ್ಕೆ ಬಂದಿದ್ದ ಚಿಕ್ಕನರಗುಂದದ ಬೀಗರು ತಮ್ಮೂರಿನ ಭಜನೆಗೆ ನನ್ನನ್ನು ಕರೆದರು. ಅಲ್ಲಿ ಹಾಡಿದ ಮೇಲೆ ಅದೇ ಊರಿನ ಹುಡುಗರು ನಾಟಕಕ್ಕೂ ಕರೆದರು. ಒಂದು ಕೆಲಸ ಇನ್ನೊಂದನ್ನು ಕೆಡಿಸುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಆದದ್ದು ಬೇರೆ. ನನ್ನನ್ನು ಬೈದ ಊರುಗಳೇ, ಇವಳು ಮನುಷ್ಯಳಾಗಿ ಹೇಗಿದ್ದಾಳೋ ನೋಡೋಣ ಎಂದು ಹಾಡಲು ಕರೆಯತೊಡಗಿದವು.

ಈ ವರ್ಷ ನರಗುಂದದಲ್ಲಿ ಅದೇ ನಾಟಕ ಆಡಿದೆವು. ಮಾಸ್ತರರು ಹೇಳದೆ ಕೇಳದೆ ರೋಣದಿಂದ ಬಂದು ಕುಳಿತಿದ್ದರು. ಮುಗಿದ ಮೇಲೆ ಒಳಗೆ ಬಂದು, "ಎರಡನೇ ಚರಣದಾಗ ನಿಷಾದ ಸ್ವರ ಇಳೀತು," ಎಂದರು. ಹೊರಡುವಾಗ ತಿರುಗಿ, "ಇಳಿದದ್ದು ಆಟ ಮುಗಿಯೂತನಾ ನನಗೂ ಗೊತ್ತಾಗಲಿಲ್ಲ. ನಿನ್ನ ಮ್ಯಾಲೆ ಅಷ್ಟು ಸಿಟ್ಟು ಬಂದಿತ್ತು," ಎಂದರು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ನಾಡಿದ್ದು ತಪ್ಪದೆ ಪಾಠಕ್ಕೆ ಬಾ ಎಂದು ಹೋದರು.

ಅಪ್ಪ ಅವ್ವ ನನ್ನ ನಾಟಕ ನೋಡಿದ್ದು ಅದೇ ಮೊದಲು. ಗಜೇಂದ್ರಗಡಕ್ಕೆ ಬಾಡಿಗೆ ಗಾಡಿಯಲ್ಲಿ ಹೊರಟಾಗ ಅವ್ವ ದಾರಿಯುದ್ದಕ್ಕೂ ಆ ಪಾಪದ ಅತ್ತೆಗಾಗಿ ಮರುಗಿದಳು. ಪಾಪದ ಅತ್ತೆ ಅವ್ವನ ಪಕ್ಕದಲ್ಲೇ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮರುದಿನ ನಮ್ಮ ಊರಿನ ಹತ್ತಿರ ಇನ್ನೊಂದು ಆಟವಿತ್ತೆಂದು ಅವರೂ ನಮ್ಮ ಜೊತೆ ಹೊರಟಿದ್ದರು. ಸೊಸೆಗೆ ಹಾಗೇ ಆಗಬೇಕಿತ್ತು, ಕಡೆಗೆ ಸರಿಯಾಗಿ ಬುದ್ಧಿ ಬಂತು ಎಂದು ಅವ್ವ, ಹಿರಿಯ ನಟಿ ಇಬ್ಬರೂ ಒಪ್ಪಿಕೊಂಡರು.

ಅಪ್ಪನದು ಮಾತು ಕಡಿಮೆ. ಮುಂದಿನ ಸೀಟಿನಿಂದ ಬಹಳ ಹೊತ್ತಿನ ಮೇಲೆ ಮೊದಲ ಸಲ ಬಾಯಿಬಿಟ್ಟ.

"ಹಂಗೇನಿಲ್ಲ," ಎಂದ. "ಅತ್ತಿದೂ ಒಂದೀಟು ತಪ್ಪಿತ್ತು."