ದಿಬ್ಬ ಹತ್ತಿಸುವ ಈನಿಡ್ ಅಜ್ಜಿ

ಆಸ್ಟ್ರೇಲಿಯಾದ ಮರುಭೂಮಿಯ ಜಾಡುಗಳಲ್ಲಿ ಈನಿಡ್ ಅಜ್ಜಿಯಂಥವಳು ಒಬ್ಬಳಾದರೂ ಸಿಕ್ಕೇ ಸಿಗುತ್ತಾಳೆ. ಕೆಂಧೂಳು ಮೆತ್ತಿ ಬಣ್ಣವೇ ಮರೆತ ಜೀಪು, ಮರಳು ಕಂಡಲ್ಲೆಲ್ಲ ಇಳಿದು ಟೈರಿನ ಗಾಳಿ ಇಳಿಸುವ ಚಟ. ಹೊಸ ಗಾಡಿಯ ಗಂಡಸರು ಮರಳುದಿಬ್ಬದ ನಡುವೆ ಹೂತುಹೋಗಿ ಹಲ್ಲು ಗಿಂಜಿದರೆ, "ಗಾಳಿ ಇಳಿಸಿದ್ರೆ ಟೈರು ಮರಳು ಹಿಡಿಯುತ್ತೆ ಕಣ್ರೋ, ಜೊತೆಗೆ ಜಂಬಾನೂ ಸ್ವಲ್ಪ ಇಳಿಸಿ" ಎಂದು ಹಗ್ಗ ಎಸೆಯುತ್ತಾಳೆ. ಎಳೆದು ಹಾಕಿದ ಮೇಲೆ ಕೆಂಡದಲ್ಲಿ ಸುಟ್ಟ ರೊಟ್ಟಿ, ಕರಿ ಚಹಾ, ಬೈಗುಳ ಪುಕ್ಕಟೆ. ಪಕ್ಕದ ಸೀಟಿನಲ್ಲಿ ಗಂಡ ಕ್ಲೆಮ್. "ಮರಳು ಹೆಂಗಸರ ಕೈಗೆ ಬಗ್ಗಲ್ಲ ಕಣೇ" ಎಂದು ತನ್ನ ಕಣ್ಣು ಮಂಜಾಗುವವರೆಗೂ ಅವಳಿಗೆ ಸ್ಟಿಯರಿಂಗ್ ಮುಟ್ಟಗೊಡದವನು. ಈಗ ಪ್ರತಿ ದಿಬ್ಬದ ಬುಡದಲ್ಲೂ, ಎದುರಿನಿಂದ ಬರುವವರಿಗೆ ಎಚ್ಚರಿಕೆ ಕೊಡಲು ರೇಡಿಯೋ ಬಾಯಿಗಿಟ್ಟುಕೊಂಡು, ಮರುಭೂಮಿಗೆಲ್ಲ ಕೇಳುವಂತೆ ಕೂಗುತ್ತಾನೆ: "ದಾರಿ ಬಿಡ್ರೋ! ಗಾಡಿ ಹತ್ತಿಸ್ತಿರೋಳು ನನ್ನ ಹೆಂಡ್ತಿ!"